ಎಂಬತ್ತನೆಯ ಮನೆ

ತಿಪ್ಪೇಸ್ವಾಮಿಯವರ ಎಡಗಿವಿಯ ಹಿಂದೆ ಯಾವಾಗಲೂ ಒಂದು ಕಾಗದದ ಚೂರು ಅಂಟಿಕೊಂಡಿರುತ್ತಿತ್ತು. ಅಕ್ಕಿಕಾಳಿನ ಅರ್ಧದಷ್ಟು ಗಾತ್ರ, ತಿಳಿಹಳದಿ ಬಣ್ಣ, ಕತ್ತರಿಸಿಟ್ಟಂತೆ ನಾಲ್ಕೂ ಮೂಲೆ ನೇರ. ಸಂಜೆ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡಾಗ ಅದು ಉದುರಿಹೋಗುತ್ತಿತ್ತು. ಮರುದಿನ ಊಟದ ಹೊತ್ತಿಗೆ ಅದೇ ಜಾಗದಲ್ಲಿ ಇನ್ನೊಂದು ಬಂದು ಕೂತಿರುತ್ತಿತ್ತು. ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ಮೊದಲ ವಾರ ಪೂರ್ತಿ, ಹೇಳಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಹೇಳಲಿಲ್ಲ.

ಆ ಚೂರುಗಳು ಹುಟ್ಟುತ್ತಿದ್ದದ್ದು ಚಿತ್ರದುರ್ಗದ ಒಂದು ನೂಲಿನ ಗಿರಣಿಯ ಮೆಷೀನು ಕೋಣೆಯಲ್ಲಿ. ಗಿರಣಿಯ ಪ್ರತಿ ಕೆಲಸಗಾರರಿಗೂ ಅಲ್ಲಿ ಒಂದು ದಪ್ಪ ಕಾಗದದ ಕಾರ್ಡು ಇತ್ತು. ಕಾರ್ಡಿನ ಉದ್ದಕ್ಕೆ ಎಂಬತ್ತು ಸಾಲು. ಒಂದೊಂದು ಸಾಲಿನಲ್ಲಿ ಒಂದು ಅಂಕಿ ಅಥವಾ ಒಂದು ಅಕ್ಷರ, ಅದೂ ಬರೆದದ್ದಲ್ಲ, ತೂತು ಹೊಡೆದದ್ದು. ತೂತು ಎಲ್ಲಿದೆ ಎಂಬುದನ್ನು ಮೆಷೀನು ಓದಿ ಕೆಲಸಗಾರರ ಹಿತ್ತಾಳೆ ಬಿಲ್ಲೆಯ ನಂಬರು, ಹೆಸರು, ದುಡಿಯುವ ಖಾತೆ, ಹಾಜರಿ ಎಲ್ಲವನ್ನೂ ಉದ್ದ ಹಾಳೆಯ ಮೇಲೆ ಅಚ್ಚು ಮಾಡುತ್ತಿತ್ತು. ಯಾವ ಸಾಲಿನ ತೂತು ಹಾಳೆಯ ಯಾವ ಜಾಗದಲ್ಲಿ ಬೀಳಬೇಕೆಂದು ಹೇಳುವುದು ಒಂದು ತಂತಿಹಲಗೆ. ಹಾರ್ಮೋನಿಯಂ ಪೆಟ್ಟಿಗೆಯಷ್ಟಿದ್ದ ಆ ಹಲಗೆಯ ತುಂಬ ಬಣ್ಣಬಣ್ಣದ ತಂತಿಗಳು. ಮೆಷೀನಿಗೆ ಬುದ್ಧಿ ಎಂದು ಏನಾದರೂ ಇದ್ದರೆ ಅದು ಆ ಹಲಗೆಯಲ್ಲಿತ್ತು. ಹಲಗೆಯ ಬುದ್ಧಿ ತಿಪ್ಪೇಸ್ವಾಮಿಯವರದ್ದು.

ಬೊಂಬಾಯಿಯ ಮಿಲ್ಲೊಂದು ಬಳಸಿ ಬಿಟ್ಟ ಮೆಷೀನು ಅದು. ಅರವತ್ತೆಂಟರಲ್ಲಿ ನಮ್ಮ ಗಿರಣಿ ಶುರುವಾದಾಗ ಅದನ್ನು ಲಾರಿಯಲ್ಲಿ ತಂದರು. ಆ ಮಿಲ್ಲಿನಲ್ಲೇ ಕೆಲಸ ಕಲಿತ ಹೊಳಲ್ಕೆರೆಯ ತಿಪ್ಪೇಸ್ವಾಮಿಯವರು ಅದೇ ಲಾರಿಯಲ್ಲಿ ಕೂತು ಬಂದರು. "ಮದುವಣಗಿತ್ತಿ ಜೊತೆ ಅಜ್ಜಿನ ಕಳಿಸ್ತಾರಲ್ಲಮ್ಮ, ಹಂಗೆ ನನ್ನ ಕಳಿಸಿದ್ರು," ಎನ್ನುತ್ತಿದ್ದರು. ನೂಲು ಸುತ್ತುವ ರೀಲಿಂಗ್ ಖಾತೆಯ ಹೆಂಗಸರು ಅವರನ್ನು 'ತೂತಿನ ಸ್ವಾಮಿ' ಎಂದು ಕರೆಯುತ್ತಿದ್ದದ್ದು ಅವರಿಗೆ ಗೊತ್ತಿತ್ತು. ಅದರಲ್ಲಿ ಅವರಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಅವರು ಜಿಪುಣರೆಂದರೆ ತಪ್ಪಾಗುತ್ತದೆ. ಕೈಯಲ್ಲಿದ್ದದ್ದನ್ನು ಯಾರಿಗಾದರೂ ಕೊಟ್ಟುಬಿಡುತ್ತಿದ್ದರು. ಆದರೆ ಯಾವುದೂ ಹಾಳಾಗುವುದನ್ನು ನೋಡಲಾರರು. ಬಳಸಿ ಬಿಟ್ಟ ಕಾರ್ಡಿನ ಬೆನ್ನ ಮೇಲೆ ಚೀಟಿ ಬರೆಯುತ್ತಿದ್ದರು, ಅದನ್ನು ಮಡಚಿ ಅಲುಗಾಡುವ ಮೇಜಿನ ಕಾಲಿಗೆ ಕೊಡುತ್ತಿದ್ದರು, ಅದರಲ್ಲೇ ಕಿವಿ ಕೆರೆದುಕೊಳ್ಳುತ್ತಿದ್ದರು. ತೂತಿನಿಂದ ಉದುರಿದ ಚೂರುಗಳನ್ನು ಗುಡಿಸಿ ಗೋಣಿಗೆ ತುಂಬಿ ಮನೆಗೆ ಒಯ್ದು ಹೆಂಡತಿಯ ಕೈಯಲ್ಲಿ ತಲೆದಿಂಬು ಹೊಲಿಸಿದ್ದರು. ನನಗೂ ಒಂದು ಕೊಟ್ಟರು. ತಲೆ ಇಟ್ಟು ಹೊರಳಿದರೆ ಒಣಗಿದ ಎಲೆಯ ಮೇಲೆ ಯಾರೋ ನಡೆದ ಸದ್ದು. "ಇಡೀ ಗಿರಣಿ ತಲೆ ಕೆಳಗೈತೆ, ಹುಷಾರು," ಎಂದು ನಕ್ಕಿದ್ದರು.

ಕಾರ್ಡಿನ ಸಾಲುಗಳನ್ನು ಅವರು 'ಮನೆ' ಎನ್ನುತ್ತಿದ್ದರು, ಚೌಕಾಬಾರದ ಮನೆಗಳ ಹಾಗೆ. ಎಂಬತ್ತೇ ಮನೆ, ಎಂಬತ್ತೊಂದನೆಯದು ಯಾವ ರಾಜ ಬಂದರೂ ಇಲ್ಲ. ಆದ್ದರಿಂದ ಕಾರ್ಡಿನಲ್ಲಿ ಯಾವ ವಿಷಯಕ್ಕೂ ಒಂದು ಮನೆ ಹೆಚ್ಚು ಕೊಡಬಾರದು. ಕೆಲಸಕ್ಕೆ ಸೇರಿದ ವರ್ಷಕ್ಕೆ ಅವರು ಕೊಟ್ಟಿದ್ದದ್ದು ಒಂದೇ ಮನೆ. ಅರವತ್ತೆಂಟಾದರೆ ಎಂಟು, ಎಪ್ಪತ್ತಾದರೆ ಸೊನ್ನೆ, ಎಪ್ಪತ್ತೈದಾದರೆ ಐದು.

ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದವಳು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಕೆಲಸಕ್ಕೆ ಸೇರಿದ ಸ್ವಲ್ಪ ದಿನಕ್ಕೇ ಕೇಳಿದೆ: "ಸಾರ್, ಈ ವರ್ಷ ಸೇರಿದವರಿಗೂ ಎಂಟು, ಹತ್ತು ವರ್ಷದ ಹಿಂದೆ ಸೇರಿದವರಿಗೂ ಎಂಟು. ಬೇರೆ ಮಾಡುವುದು ಹೇಗೆ?"

"ಬಾರಮ್ಮ ಎಮ್ಮೆಸ್ಸಿ," ಎಂದರು. ಅವರು ನನ್ನನ್ನು ಕರೆಯುತ್ತಿದ್ದದ್ದು ಹಾಗೇ. "ಹತ್ತು ವರ್ಷದ ಹಿಂದಿನೋರ ಬಿಲ್ಲೆ ನಂಬರು ಸಣ್ಣದು. ಈ ವರ್ಷದೋರ್ದು ದೊಡ್ಡದು. ಎಂಟರ ಕಾರ್ಡೆಲ್ಲಾ ಒಂದು ಕಡೆ ಬೀಳಿಸು, ಅದರಾಗೆ ದೊಡ್ಡ ನಂಬರಿನವು ತೆಗೆದುಹಾಕು. ಉಳಿದೋರೇ ಹಳಬರು. ಒಂದು ಮನೆಯಾಗೆ ಆಗೋ ಸಂಸಾರಕ್ಕೆ ಎರಡು ಮನೆ ಯಾಕೆ?"

ನನಗೆ ಸಮಾಧಾನವಾಯಿತು. ಚೆನ್ನಾಗಿದೆ ಅಂತಲೂ ಅನ್ನಿಸಿತು.

ಅವರ ಇನ್ನೊಂದು ಅಭ್ಯಾಸವನ್ನು ಇಲ್ಲೇ ಹೇಳಬೇಕು. ಇಷ್ಟು ಬಿಗಿಯಾಗಿ ಮನೆ ಲೆಕ್ಕ ಹಾಕುವ ಮನುಷ್ಯ ಪ್ರತಿ ಕಾರ್ಡಿನಲ್ಲೂ ಕಟ್ಟಕಡೆಯ ಎಂಬತ್ತನೆಯ ಮನೆಯನ್ನು ಖಾಲಿ ಬಿಡುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ನಮ್ಮಪ್ಪ ಜೋಳದ ಹೊಲ ಕೊಯ್ಯೋವಾಗ ಕಡೇ ಸಾಲು ಹಕ್ಕಿಗೆ ಅಂತ ಬಿಡ್ತಿದ್ದ. ಅದನ್ನೂ ಕೊಯ್ದ್ರೆ ಹೊಲಕ್ಕೆ ಶ್ರೇಯಸ್ಸಲ್ಲ," ಎಂದರು. ಕಾರ್ಡಿಗೆ ಯಾವ ಹಕ್ಕಿ ಬರುತ್ತದೆ ಎಂದು ನಾನು ಕೇಳಲಿಲ್ಲ. ಅದು ಅವರಲ್ಲಿ ನನಗೆ ತುಂಬ ಇಷ್ಟವಾದ ಸಂಗತಿಯಾಗಿತ್ತು.

ಆ ವರ್ಷದ ಆಯುಧಪೂಜೆಗೆ ಗಿರಣಿಗೆ ಹತ್ತು ವರ್ಷ ತುಂಬುತ್ತಿತ್ತು. ಮೊದಲ ದಿನದಿಂದ ದುಡಿದವರಿಗೆಲ್ಲ ವೇದಿಕೆಯ ಮೇಲೆ ಒಂದೊಂದು ಕರಿ ಕಂಬಳಿ ಹೊದಿಸಬೇಕೆಂದು ಮ್ಯಾನೇಜರು ತೀರ್ಮಾನಿಸಿದರು. ನಮ್ಮ ಸೀಮೆಯಲ್ಲಿ ಶಾಲಿಗಿಂತ ಕಂಬಳಿಗೆ ಮರ್ಯಾದೆ ಹೆಚ್ಚು ಎಂದು ಅವರಿಗೆ ಯಾರೋ ಹೇಳಿದ್ದರು. ಪಟ್ಟಿ ತಯಾರಿಸುವ ಕೆಲಸ ನಮ್ಮ ಕೋಣೆಗೆ ಬಂತು. ತಿಪ್ಪೇಸ್ವಾಮಿಯವರು ಎಂಟರ ಕಾರ್ಡುಗಳನ್ನು ಬೀಳಿಸಿ, ದೊಡ್ಡ ನಂಬರಿನವನ್ನು ತೆಗೆದು, ಮಧ್ಯಾಹ್ನದ ಊಟಕ್ಕೆ ಮೊದಲೇ ಹಾಳೆ ಹೊರತಂದರು. "ಗುಮಾಸ್ತರು ಮಾಡಿದ್ರೆ ಒಂದು ವಾರ ಹಿಡೀತಿತ್ತು," ಎಂದು ಎಲ್ಲರಿಗೂ ಹೇಳಿಕೊಂಡು ಬಂದರು. ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ನನ್ನ ಉಚ್ಚಾರ ಸ್ಪಷ್ಟ ಎಂದು ಹೆಸರು ಓದುವ ಕೆಲಸ ನನಗೆ ಬಂತು.

ಬಾಗಿಲ ಮುಂದಿನ ಬಯಲಲ್ಲಿ ಶಾಮಿಯಾನ. ನಾನು ಮೈಕು ಹಿಡಿದು ನಂಬರು, ಹೆಸರು ಓದುವುದು, ಅವರು ಮೆಟ್ಟಿಲು ಹತ್ತಿ ಬರುವುದು, ಮ್ಯಾನೇಜರು ಕಂಬಳಿ ಹೊದಿಸುವುದು. ಹೀಗೆ ಸರಾಗವಾಗಿ ನಡೆದಿತ್ತು. "ನೂರ ಹದಿನೇಳು, ಗಂಗಮ್ಮ, ರೀಲಿಂಗ್ ಖಾತೆ," ಎಂದು ಓದಿದೆ. ಬಯಲಿನ ಹಿಂದಿನ ಕಡೆಯಿಂದ ಒಬ್ಬ ಹುಡುಗಿ ಎದ್ದು ಬಂದಳು. ಇಪ್ಪತ್ತು ವರ್ಷ ಇರಬಹುದು. ನೋಡಿದ ಕೂಡಲೇ ನನಗೆ ತಿಳಿಯಬೇಕಿತ್ತು. ಆದರೆ ಮುಂದಿನ ಹೆಸರಿನ ಮೇಲೆ ನನ್ನ ಕಣ್ಣಿತ್ತು. ಮ್ಯಾನೇಜರು ಕಂಬಳಿ ಹೊದಿಸಿದರು. ಅವಳು ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದಳು. ಆಗ ಟೈಂಕೀಪರ್ ಖಾದರ್ ಸಾಬರು ಮೆಟ್ಟಿಲ ಬಳಿ ಬಂದು, ಯಾರಿಗೂ ಕೇಳಿಸಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು, ಮ್ಯಾನೇಜರಿಗೆ ಹೇಳಿದರು: "ಸಾರ್, ಈ ಹುಡುಗಿ ಸೇರಿದ್ದು ಈ ಯುಗಾದಿ ಆದ್ಮೇಲೆ. ಬಿಲ್ಲೆ ಇವಳ ತಾಯಿದು."

ಅವರ ಬಾಯಿಗೂ ನನ್ನ ಕೈಯ ಮೈಕಿಗೂ ನಡುವೆ ಒಂದು ಗೇಣಿತ್ತು. ಇಡೀ ಬಯಲಿಗೆ ಕೇಳಿಸಿತು.

ಗಿರಣಿಯ ಪದ್ಧತಿ ನನಗೆ ಗೊತ್ತಿರಲಿಲ್ಲ. ಕೆಲಸದಲ್ಲಿದ್ದವರು ತೀರಿಕೊಂಡರೆ ಮನೆಯವರೊಬ್ಬರಿಗೆ ಆ ಕೆಲಸ ಕೊಡುತ್ತಿದ್ದರು, ಜೊತೆಗೆ ಅದೇ ಹಿತ್ತಾಳೆ ಬಿಲ್ಲೆಯನ್ನೂ. ವಾರಸು ಬಿಲ್ಲೆ ಎನ್ನುತ್ತಿದ್ದರು ಅದಕ್ಕೆ. ಗಂಗಮ್ಮನ ತಾಯಿ ಕರಿಯಮ್ಮ ಸೇರಿದ್ದು ಅರವತ್ತೆಂಟರಲ್ಲಿ, ತೀರಿಕೊಂಡದ್ದು ಎಪ್ಪತ್ತೆಂಟರ ಶಿವರಾತ್ರಿಯ ಆಸುಪಾಸು. ಮಗಳು ಬಂದದ್ದು ಅದೇ ವರ್ಷ, ತಾಯಿಯ ಸಣ್ಣ ನಂಬರು ಹೊತ್ತುಕೊಂಡು. ಕಾರ್ಡಿನಲ್ಲಿ ತಾಯಿಗೂ ಎಂಟು, ಮಗಳಿಗೂ ಎಂಟು. ತಿಪ್ಪೇಸ್ವಾಮಿಯವರಿಗೆ ಪದ್ಧತಿ ಗೊತ್ತಿತ್ತು. ತಾಯಿಯ ಕಾರ್ಡು ತೆಗೆದು ಮಗಳ ಕಾರ್ಡಿಗೆ ತೂತು ಹೊಡೆದವರು ಅವರೇ. ಆದರೆ ಪಟ್ಟಿ ಮಾಡುವಾಗ ನೆನಪಾಗಲಿಲ್ಲ.

ಮ್ಯಾನೇಜರು ಕೆಟ್ಟವರಲ್ಲ, ಗಡಿಬಿಡಿಯವರು. "ತಪ್ಪಾಗಿದೆಯಮ್ಮ, ಕೊಟ್ಟುಬಿಡು," ಎಂದು ಕೈ ಚಾಚಿದರು. ಯಾರೋ ಕೂಗಿದರು, "ಹುಟ್ಟಿದ ಕೂಸಿಗೆ ಪೆನ್ಷನ್ನು ಕಣ್ಲೇ!" ಬಯಲೆಲ್ಲ ನಕ್ಕಿತು. ಗಂಗಮ್ಮ ಕಂಬಳಿಯನ್ನು ಮ್ಯಾನೇಜರ ಕೈಗೆ ಹಾಗೇ ತುರುಕಲಿಲ್ಲ. ಹೆಗಲಿಂದ ತೆಗೆದು, ಉದ್ದಕ್ಕೆ ಮಡಚಿ, ಮತ್ತೆ ಅಡ್ಡಕ್ಕೆ ಮಡಚಿ, ಅಂಚು ಅಂಚಿಗೆ ಕೂಡಿಸಿ, ಮೇಜಿನ ಮೇಲಿಟ್ಟಳು. ಅಷ್ಟು ಹೊತ್ತೂ ನಗು ನಡೆದಿತ್ತು. ಅಷ್ಟು ಹೊತ್ತೂ ಮೈಕು ನನ್ನ ಕೈಯಲ್ಲಿತ್ತು. ಆಮೇಲೆ ನಾನು ನೂರ ಹತ್ತೊಂಬತ್ತನ್ನು ಓದಿದೆ.

ಅದರಲ್ಲಿ ನಿನ್ನದೇನಿದೆ ಎಂದು ಎಲ್ಲರೂ ಹೇಳಿದರು. ನಿಜ, ಪಟ್ಟಿ ನನ್ನದಲ್ಲ. ಆದರೆ ನಾಚಿಕೆ ತಪ್ಪು ಯಾರದೆಂದು ವಿಚಾರಿಸಿಕೊಂಡು ಬರುವುದಿಲ್ಲ. ಆ ಹೆಸರು ಬಯಲಿಗೆ ಬಿದ್ದದ್ದು ನನ್ನ ಬಾಯಿಂದ, ಬಹಳ ಸ್ಪಷ್ಟವಾದ ಉಚ್ಚಾರದಲ್ಲಿ.

ಹಬ್ಬ ಮುಗಿದು ಕೋಣೆ ತೆರೆದ ದಿನ ತಿಪ್ಪೇಸ್ವಾಮಿಯವರು ಮೆಷೀನಿನ ಮುಂದೆ ಸುಮ್ಮನೆ ಕೂತಿದ್ದರು. ಕಿವಿಯ ಹಿಂದೆ ಚೂರು ಇರಲಿಲ್ಲ. "ವರ್ಷಕ್ಕೆ ಎರಡು ಮನೆ ಬೇಕಮ್ಮ," ಎಂದರು. "ಆರೋ ಏಳೋ ಮುಂದೆ ಹೊಡೀಬೇಕು. ಆದ್ರೆ ಮನೆ ಎಲ್ಲಿಂದ ತರಾಣ? ಹೆಸರಿನಾಗೆ ಒಂದು ಅಕ್ಷರ ಕಡಿದ್ರೆ ಕಾಳಮ್ಮನೂ ಕಾಳಪ್ಪನೂ ಒಂದಾಗ್ತಾರೆ. ಹಾಜರಿದು ಮುಟ್ಟಂಗಿಲ್ಲ."

ನಾನು ಉತ್ತರ ಕೊಡದೆ ಇರಬಹುದಿತ್ತು; ಅವರೇ ಇನ್ನೊಂದು ಗಳಿಗೆಗೆ ಕಂಡುಕೊಳ್ಳುತ್ತಿದ್ದರು. "ಎಂಬತ್ತನೆಯದು ಇದೆಯಲ್ಲ ಸಾರ್," ಎಂದೆ.

ಅವರು ಒಂದು ಕಾರ್ಡು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಎಲ್ಲ ಕಡೆ ತೂತು, ಬಲತುದಿಯಲ್ಲಿ ಒಂದು ಸಾಲು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಅಲ್ಲಿ ಮನೆ ಇತ್ತು. ಹತ್ತು ವರ್ಷದಿಂದ ಇತ್ತು.

"ಹಕ್ಕಿಗೆ ಅಂತ ಬಿಟ್ಟಿದ್ನಮ್ಮ," ಎಂದರು. "ಬಾಗಿಲಿಗೆ ಬಂದಿದ್ದ ಮನುಷ್ಯರನ್ನ ನೋಡ್ಲಿಲ್ಲ."

ಗಂಗಮ್ಮ ಕೆಲಸಕ್ಕೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಹೇಳದೆ ಕೇಳದೆ ಎರಡು ವಾರ ಬಿಟ್ಟರೆ ಬಿಲ್ಲೆ ಕಿತ್ತುಕೊಂಡು ಇನ್ನೊಬ್ಬರಿಗೆ ಕೊಡುತ್ತಾರೆಂದು ಖಾದರ್ ಸಾಬರು ಹೇಳಿದರು. ಅವಳು ಅಪ್ಪನ ಹಟ್ಟಿಗೆ, ಶ್ರೀರಾಂಪುರದ ಕಡೆ ಹೋಗಿದ್ದಾಳೆಂದು ತಿಳಿಯಿತು. ಭಾನುವಾರ ತಿಪ್ಪೇಸ್ವಾಮಿಯವರು, "ಬಾರಮ್ಮ, ಹೋಗಾಣ. ನಾನೊಬ್ನೇ ಹೋದ್ರೆ ಆ ಹುಡುಗಿ ಒಳಗಿಂದ ಬರಾಕಿಲ್ಲ," ಎಂದರು. ಹೆಗಲಿಗೆ ಒಂದು ದಪ್ಪ ಚೀಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತರು. ಹೊಸದುರ್ಗ ದಾಟಿದ ಮೇಲೆ ಬಾಯಿ ಸ್ವಲ್ಪ ಬಿಚ್ಚಿ ತೋರಿಸಿದರು. ಅವರಿಗೆ ಹೊದಿಸಿದ್ದ ಕಂಬಳಿ. "ಅವಳಿಗೇ ಹೊದಿಸಿ ಬರ್ತೀನಿ. ಲೆಕ್ಕ ಸರಿ ಹೋಗ್ತೈತೆ," ಎಂದರು. ಅಷ್ಟರಲ್ಲಿ ಅವರ ಮುಖ ಸ್ವಲ್ಪ ಗೆಲುವಾಗಿತ್ತು.

ಶ್ರೀರಾಂಪುರದಲ್ಲಿ ಇಳಿದು ಹೊಲದ ದಾರಿಯಲ್ಲಿ ನಡೆದೆವು. ಹಟ್ಟಿಯ ಬಾಗಿಲಲ್ಲಿ ಗಂಗಮ್ಮನ ಅಪ್ಪ ಬೀರಪ್ಪ ಒಂದು ಕುರಿಮರಿಯ ಕಾಲಿಗೆ ಎಣ್ಣೆ ಹಚ್ಚುತ್ತ ಕೂತಿದ್ದ. ನಾವು ಯಾರೆಂದು ಹೇಳಿದೆವು. ಅವನು ಮುಖ ಬಿಗಿಯಲಿಲ್ಲ. "ಬರ್ರಿ, ಬರ್ರಿ. ಬಿಸ್ಲಾಗೆ ನಡ್ಕಂಡು ಬಂದೀರಿ," ಎಂದವನೇ ಒಳಗಿಂದ ಒಂದು ಕಂಬಳಿ ತಂದು ಜಗುಲಿಯ ಮೇಲೆ ಹಾಸಿದ. "ಕುಂತ್ಕಳ್ರಿ. ನಮ್ಮಪ್ಪ ನೇಯ್ದಿದ್ದು ಇದು. ಮಳೆಯಾಗೆ ನಿಂತ್ರೆ ಒಂದು ಹನಿ ಒಳಗೆ ಇಳಿಯಂಗಿಲ್ಲ."

ಕೂತೆವು. ಕೂತ ಮೇಲೆ ಕಣ್ಣು ಒಳಗಿನ ಕತ್ತಲಿಗೆ ಹೊಂದಿಕೊಂಡಿತು. ಗೋಡೆಯುದ್ದಕ್ಕೂ ಅಡ್ಡ ಕಟ್ಟಿದ ಬಿದಿರ ಗಳು. ಗಳುವಿನ ಮೇಲೆ ಕಂಬಳಿ, ಅದರ ಮೇಲೆ ಕಂಬಳಿ. ಮೂಲೆಯಲ್ಲಿ ಮಗ್ಗದ ಗುಂಡಿ. ಅದರಲ್ಲಿ ಅರ್ಧ ನೇಯ್ದ ಇನ್ನೊಂದು.

ತಿಪ್ಪೇಸ್ವಾಮಿಯವರು ಚೀಲವನ್ನು ಎದೆಗೆ ಇನ್ನಷ್ಟು ಒತ್ತಿಕೊಂಡರು.

"ಚೀಲ ಕೆಳಗಿಡ್ರಿ ಸಾಮಿ, ಕೂಸಿನಂಗೆ ಯಾಕೆ ಹಿಡ್ಕಂಡೀರಿ," ಎಂದ ಬೀರಪ್ಪ.

"ಇರ್ಲಿ, ಭಾರ ಏನಿಲ್ಲ," ಎಂದರು.

ಗಂಗಮ್ಮ ಮಜ್ಜಿಗೆ ತಂದಳು. ನಮ್ಮೆದುರು ನಿಲ್ಲದೆ ಬಾಗಿಲ ಚೌಕಟ್ಟಿಗೆ ಒರಗಿದಳು. ತಿಪ್ಪೇಸ್ವಾಮಿಯವರು ಕಾರ್ಡು, ಮನೆ, ಎಂಟು ಎಂದು ಏನೇನೋ ವಿವರಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. "ನಂದೇ ತಪ್ಪವ್ವ," ಎಂದರು.

"ಕಂಬಳಿ ಆಸೆಗೆ ಹತ್ತಿ ಬಂದ್ಲು ಅಂತ ನಕ್ರಲ್ಲ," ಎಂದಳು ಗಂಗಮ್ಮ. "ನಮ್ಮನೇಲಿ ಕಂಬಳಿಗೇನು ಬರ ಐತೆ? ನೀವೇ ಕುಂತೀರಿ ಅದರ ಮ್ಯಾಲೆ. ಬಿಲ್ಲೆ ನಂಬರು ಕೂಗಿದಾಗ ಅವ್ವನ ಬದ್ಲಿಗೆ ನನ್ನ ಕರೀತಾ ಅವ್ರೆ ಅಂದ್ಕಂಡೆ. ಅಷ್ಟು ವರ್ಷ ನೂಲು ಸುತ್ತಿದೋಳು ಅವ್ವ. ಇದ್ದಿದ್ರೆ ಅವತ್ತು ಅವಳೇ ಹತ್ತುತಿದ್ಲು." ಮತ್ತೆ ನನ್ನ ಕಡೆ ತಿರುಗಿದಳು. "ನೀವೇ ಅಲ್ವೇನ್ರಿ ಓದಿದ್ದು? ಚೆಂದೈತೆ ನಿಮ್ಮ ಧ್ವನಿ."

ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನಾನು ಮಜ್ಜಿಗೆಯ ಲೋಟ ನೋಡುತ್ತ ಕೂತೆ.

"ಕೆಲಸಕ್ಕೆ ಬಾರವ್ವ," ಎಂದರು ತಿಪ್ಪೇಸ್ವಾಮಿಯವರು. "ಬಿಲ್ಲೆ ಹೋಗ್ತೈತೆ."

"ಬರ್ತೀನಿ. ಅವ್ವನ ಬಿಲ್ಲೆ ಬ್ಯಾರೆಯೋರ ಕೊರಳಾಗೆ ನೋಡಕ್ಕಾಗಲ್ಲ. ಆದ್ರೆ ಅವ್ವನ ಹೆಸ್ರು ಒಂದ್ಸಲ ಅದೇ ಮೈಕಿನಾಗೆ ಓದಿಸ್ರಿ. ಕಂಬಳಿ ಕೊಡ್ಬ್ಯಾಡ್ರಿ. ಹೆಸ್ರು ಓದಿಸ್ರಿ ಸಾಕು. ನಕ್ಕೋರೆಲ್ಲಾ ಕೇಳ್ಲಿ."

"ಅಷ್ಟೇ ತಾನೆ," ಎಂದರು ತಿಪ್ಪೇಸ್ವಾಮಿಯವರು, ಹಳೆಯ ಹುರುಪಿನಲ್ಲಿ. "ಮುಂದಿನ ಆಯುಧಪೂಜೆಗೆ ಮೊದಲನೇ ಹೆಸ್ರು ನಿಮ್ಮವ್ವನದೇ. ಈಯಮ್ಮನೇ ಓದ್ತಾಳೆ. ನನ್ನ ಮಾತು ಗಿರಣಿಯಾಗೆ ನಡೀತೈತೆ."

ಬೀರಪ್ಪ ನಮ್ಮನ್ನು ರಸ್ತೆಯವರೆಗೆ ಕಳಿಸಿಕೊಟ್ಟ. ಬಸ್ಸು ಹತ್ತಿದ ಮೇಲೆ ತಿಪ್ಪೇಸ್ವಾಮಿಯವರು ಚೀಲವನ್ನು ನನ್ನ ಕಡೆ ಸರಿಸಿ, "ಸ್ವಲ್ಪ ಹಿಡ್ಕಳಮ್ಮ. ನನ್ನ ಕೈಲಾಗ್ತಿಲ್ಲ," ಎಂದರು. ಚಿತ್ರದುರ್ಗದವರೆಗೂ ಅದು ನನ್ನ ತೊಡೆಯ ಮೇಲಿತ್ತು.

ಗಂಗಮ್ಮ ಮರುವಾರ ಕೆಲಸಕ್ಕೆ ಬಂದಳು. ತಿಪ್ಪೇಸ್ವಾಮಿಯವರು ಅದೇ ದಿನ ಮ್ಯಾನೇಜರ ಕೋಣೆಗೆ ಹೋದರು. ಬಾಗಿಲು ತೆರೆದಿದ್ದರಿಂದ ನನಗೆಲ್ಲ ಕೇಳಿಸಿತು. ಹಬ್ಬದ ದಿನ ಸತ್ತವರ ಹೆಸರು ಓದುವುದು ಅಪಶಕುನ ಎಂದರು ಮ್ಯಾನೇಜರು. ಒಬ್ಬರಿಗೆ ಓದಿದರೆ ನಾಳೆ ಎಲ್ಲರ ಮನೆಯವರೂ ಬಂದು ನಿಲ್ಲುತ್ತಾರೆ ಎಂದರು. ಕೊನೆಗೆ, "ಅಷ್ಟಕ್ಕೂ ಈ ಎಡವಟ್ಟು ಯಾರದ್ರೀ?" ಎಂದರು. ತಿಪ್ಪೇಸ್ವಾಮಿಯವರು ಹೊರಗೆ ಬಂದು ನನ್ನನ್ನು ನೋಡಿ, ನೋಡದವರಂತೆ ಮುಂದೆ ಹೋದರು.

ಅಲ್ಲಿಂದ ಮುಂದೆ ಅವರು ರೀಲಿಂಗ್ ಖಾತೆಯ ಮುಂದೆ ನಡೆಯುವುದನ್ನು ಬಿಟ್ಟರು. ನಮ್ಮ ಕೋಣೆಗೆ ಅದೇ ನೇರ ದಾರಿ. ಅವರು ಹತ್ತಿಯ ಗೋದಾಮಿನ ಹಿಂದಿನಿಂದ, ಮುಳ್ಳುಬೇಲಿ ಪಕ್ಕದಲ್ಲಿ ಸುತ್ತಿ ಬರುತ್ತಿದ್ದರು. ಪಂಚೆಯ ಅಂಚಿಗೆ ಉತ್ತರಾಣಿ ಬೀಜ ಅಂಟಿರುತ್ತಿತ್ತು. ಒಂದು ದಿನ ನಲ್ಲಿಯ ಹತ್ತಿರ ಗಂಗಮ್ಮ ನೀರು ಹಿಡಿಯುತ್ತಿರುವುದನ್ನು ದೂರದಿಂದ ಕಂಡು, ಬಾಯಾರಿ ಬಂದವರು ಖಾಲಿ ಚೊಂಬು ಹಿಡಿದುಕೊಂಡು ಹಿಂದಿರುಗಿದರು. ಗಂಗಮ್ಮನೂ ಅದನ್ನು ಕಂಡಳು. ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ಅವರು ಹೋದ ದಿಕ್ಕನ್ನೇ ನೋಡುತ್ತ ನಿಂತಳು. ಅವರಿಬ್ಬರ ನಡುವೆ ಸಿಕ್ಕಿಬಿದ್ದ ನನಗೆ ಯಾರ ಮುಖ ನೋಡುವುದೂ ಸಾಧ್ಯವಾಗುತ್ತಿರಲಿಲ್ಲ.

ಆದರೆ ಕೆಲಸ ನಿಲ್ಲಲಿಲ್ಲ. ಅಷ್ಟು ಶ್ರದ್ಧೆಯಿಂದ ಅವರು ದುಡಿದದ್ದನ್ನು ನಾನು ಮೊದಲು ನೋಡಿರಲಿಲ್ಲ. ಕಾರ್ಡುಗಳನ್ನೆಲ್ಲ ಅರವತ್ತರ ದಶಕದವು, ಎಪ್ಪತ್ತರ ದಶಕದವು ಎಂದು ಎರಡು ಕಟ್ಟು ಮಾಡಿದೆವು. ಈ ಸಲ ಬಿಲ್ಲೆ ನಂಬರು ನಂಬಲಿಲ್ಲ. ವಾರಸು ಬಿಲ್ಲೆಯವರನ್ನೆಲ್ಲ ಖಾದರ್ ಸಾಬರನ್ನು ಕೂರಿಸಿಕೊಂಡು ಒಬ್ಬೊಬ್ಬರಾಗಿ ಗುರುತಿಸಿದೆವು. ಒಂದು ಕಟ್ಟಿಗೆ ಎಂಬತ್ತನೆಯ ಮನೆಯಲ್ಲಿ ಆರು, ಇನ್ನೊಂದಕ್ಕೆ ಏಳು. ಆಮೇಲೆ ಹಲಗೆಯ ತಂತಿಗಳು. ಕಾರ್ಡಿನ ಕಟ್ಟಕಡೆಯ ಅಂಕಿ ಹಾಳೆಯ ಮೇಲೆ ವರ್ಷದ ಮುಂದೆ ಬಂದು ಕೂರಬೇಕು. ಒಂದು ತಂತಿ ಎಳೆದರೆ ಇನ್ನೊಂದು ಕಡೆ ಹಾಜರಿ ಹೋಗಿ ಹೆಸರಿನ ಮೇಲೆ ಬೀಳುತ್ತಿತ್ತು. "ನಿಧಾನ, ನಿಧಾನ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಎಂಬತ್ತನೇ ಇಸವಿ ಬಂದರೆ ಅದೇ ಮನೆಯಲ್ಲಿ ಎಂಟು ಹೊಡೆದರಾಯಿತು, ತಂತಿ ಮುಟ್ಟಬೇಕಾಗಿಲ್ಲ ಎಂದು ನನಗೆ ಎರಡೆರಡು ಸಲ ತೋರಿಸಿಕೊಟ್ಟರು. ಯಾಕೆ ಅಷ್ಟು ಒತ್ತಿ ಹೇಳುತ್ತಿದ್ದಾರೆಂದು ಆಗ ತಿಳಿಯಲಿಲ್ಲ.

ಹಲಗೆ ಸಿದ್ಧವಾದ ದಿನ ಪರೀಕ್ಷೆಗೆಂದು ಅವರೇ ಒಂದು ಹೊಸ ಕಾರ್ಡಿಗೆ ತೂತು ಹೊಡೆದರು. ಮೆಷೀನು ಗಡಗಡ ಎಂದು ಒಂದೇ ಒಂದು ಸಾಲು ಅಚ್ಚು ಮಾಡಿತು: ನೂರ ಹದಿನೇಳು, ಕರಿಯಮ್ಮ, ರೀಲಿಂಗ್, ಅರವತ್ತೆಂಟು. ಸತ್ತವರಿಗೆ ಗಿರಣಿಯಲ್ಲಿ ಕಾರ್ಡಿಲ್ಲ. ಅವರು ಆ ಸಾಲನ್ನು ಸ್ಕೇಲು ಇಟ್ಟು ಹರಿದುಕೊಂಡು ಜೇಬಿಗೆ ಹಾಕಿದರು. ತಿಂಗಳ ಕೊನೆಗೆ ಕೆಲಸ ಬಿಟ್ಟರು. ಮ್ಯಾನೇಜರು ಬಿಡು ಎಂದಿರಲಿಲ್ಲ. "ಬೇಲಿ ಪಕ್ಕದಾಗೆ ನಡೆದು ಸಾಕಾತು ಎಮ್ಮೆಸ್ಸಿ," ಎಂದರು. ಹಲಗೆ ನನ್ನ ಪಾಲಿಗೆ ಬಂತು.

ಕೊನೆಯ ಸಲ ಅವರನ್ನು ನೋಡಿದ್ದು ಮರುವರ್ಷದ ಆಯುಧಪೂಜೆಯ ಹಿಂದಿನ ದಿನ. ನಾನು ಹೊಸದುರ್ಗದ ನಮ್ಮ ಮನೆಯಿಂದ ಹಿಂದಿರುಗುತ್ತಿದ್ದೆ. ಬಸ್ಸು ಹೊಳಲ್ಕೆರೆಯಲ್ಲಿ ನಿಂತಿತು. ಅವರು ಅಲ್ಲಿ ಖಾಸಗಿ ಬಸ್ಸುಗಳ ಪಾರ್ಸೆಲು ನೋಡಿಕೊಳ್ಳುತ್ತಿದ್ದರು. ಒಂದು ಬುಟ್ಟಿ ವೀಳ್ಯದೆಲೆಯನ್ನು ಮೇಲೇರಿಸಿ, ಕಂಡಕ್ಟರನಿಗೆ ಚೀಟಿ ಬರೆದು ಕೊಟ್ಟರು. ನಮ್ಮ ಕೋಣೆಯ ಹಳೆಯ ಕಾರ್ಡಿನ ಬೆನ್ನ ಮೇಲೆ. ಆಮೇಲೆ ಕಿಟಕಿಯಲ್ಲಿ ನನ್ನನ್ನು ಕಂಡರು.

"ಏನಮ್ಮ, ಹಲಗೆ ಹೆಂಗೈತೆ?"

"ಚೆನ್ನಾಗಿದೆ ಸಾರ್. ಪಟ್ಟಿ ಸರಿಯಾಗಿ ಬಂತು. ಈ ಸಲ ಹತ್ತು ವರ್ಷ ತುಂಬಿದ ಅರವತ್ತೊಂಬತ್ತರವರು ಮಾತ್ರ."

"ನಾಳೆ ಓದೋದು ನೀನೇನಾ?"

"ಹೌದು. ಪಟ್ಟಿಯಲ್ಲಿರುವುದನ್ನು ಬಿಟ್ಟು ಬೇರೇನೂ ಓದಬಾರದು ಎಂದಿದ್ದಾರೆ ಮ್ಯಾನೇಜರು. ಹೋದ ಸಲದ ಹಾಗೆ ಆದರೆ ಈ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದರು."

ಅವರು ಬಸ್ಸಿನ ಚಕ್ರದ ಕಡೆ ನೋಡಿದರು. ಕರಿಯಮ್ಮನ ಮಾತು ಎತ್ತಲಿಲ್ಲ. ಎತ್ತಿದ್ದರೆ ನಾನು ಏನಾದರೂ ಸಬೂಬು ಹೇಳುತ್ತಿದ್ದೆ. ಬಸ್ಸು ಹೊರಡುವಾಗ ಕಿಟಕಿಯ ಕಂಬಿ ಹಿಡಿದು ಎರಡು ಹೆಜ್ಜೆ ದೂರ ಜೊತೆಗೆ ನಡೆದರು.

"ಜೋರಾಗಿ ಓದಮ್ಮ," ಎಂದರು. "ಹೋದ ಸಲ ಹಿಂದೆ ಕುಂತೋರಿಗೆ ಸರಿಯಾಗಿ ಕೇಳ್ಸಿರಲಿಲ್ಲ."

ಅದು ಸುಳ್ಳು. ಎಲ್ಲರಿಗೂ ಕೇಳಿಸಿತ್ತು. ಅವರು ಬಸ್ಸಿನ ತಗಡಿಗೆ ಬಡಿದು "ರೈಟ್" ಎಂದರು. ಬಗ್ಗಿ ಹಿಂದೆ ನೋಡಿದೆ. ಎಡಗಿವಿ ನನ್ನ ಕಡೆಗಿತ್ತು. ಅದರ ಹಿಂದೆ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಬಯಲು, ಅದೇ ಶಾಮಿಯಾನ. ಗಂಗಮ್ಮ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದಳು. ಮ್ಯಾನೇಜರು ಪಟ್ಟಿ ಕೊಟ್ಟು ಕಂಬಳಿಗಳ ಹತ್ತಿರ ಹೋಗಿ ನಿಂತರು. ನಾನು ಪಟ್ಟಿಯನ್ನು ಬಿಚ್ಚದೆ ಮೈಕು ಹತ್ತಿರ ಎಳೆದುಕೊಂಡು ಓದಿದೆ: "ನೂರ ಹದಿನೇಳು. ಕರಿಯಮ್ಮ, ರೀಲಿಂಗ್ ಖಾತೆ. ಸೇರಿದ್ದು ಸಾವಿರದ ಒಂಬೈನೂರ ಅರವತ್ತೆಂಟು." ಯಾರೂ ಮೆಟ್ಟಿಲು ಹತ್ತಲಿಲ್ಲ. ಮ್ಯಾನೇಜರು ನನ್ನ ಕಡೆ ತಿರುಗಿದ್ದು ಕಂಡಿತು. ಹಿಂದೆ ಕೂತವರಿಗೆ ಕೇಳಿಸಲಿ ಎಂದು ಇಸವಿಯನ್ನು ಇನ್ನೊಂದು ಸಲ, ಪೂರ್ತಿಯಾಗಿ ಓದಿದೆ. ಆಮೇಲೆ ಪಟ್ಟಿ ಬಿಚ್ಚಿದೆ.